ಕ್ಯಾಟಲೀನಾ

ಕ್ಯಾಟಲೀನಾ (ನಾಮಪದ): ಎರಡನೆಯ ಮಹಾಯುದ್ಧದಲ್ಲಿ ಸಾಗರದ ಕಾವಲಿಗೆ ನಿಯುಕ್ತವಾಗಿದ್ದ ಅಮೆರಿಕದ ಜಲವಿಮಾನ. ಒಡಲೇ ದೋಣಿಯಾಗಿ ನೀರಿನ ಮೇಲೆ ತೇಲುವುದರಿಂದ ಇದನ್ನು ಹಾರುವ ದೋಣಿಯೆನ್ನುವುದೇ ಯುಕ್ತವೆಂದು ನನ್ನ ಮತ. ಕ್ಯಾಲಿಫೋರ್ನಿಯಾದ ಕರಾವಳಿಗೆ ಸಮೀಪವಾದ ದ್ವೀಪವೊಂದಕ್ಕೆ 1602ರಲ್ಲಿ ಸ್ಪೇನಿನ ನಾವಿಕನಾದ ವಿಸ್ಕೈನೊ ಸಂತ ಕ್ಯಾಥರೀನಳ ಸ್ಮರಣಾರ್ಥವಾಗಿ ಇಟ್ಟ ಹೆಸರನ್ನು, ಅಮೆರಿಕದ ನೌಕಾಪಡೆಯವರು ‘ಪಿಬಿವೈ’ ಎಂಬ ನೀರಸವಾದ ಅಕ್ಷರಗಳಿಂದ ಗುರುತಿಸುತ್ತಿದ್ದ ಈ ವಿಮಾನಕ್ಕೆ ಆಂಗ್ಲರು ಅನ್ವಯಿಸಲು, ತರುವಾಯ ಅಮೆರಿಕನ್ನರೂ ಅದನ್ನೇ ಅಂಗೀಕರಿಸಿದರು.

ವೇಗದಲ್ಲಿ ಮಂದವಾದರೂ, 104 ಅಡಿಗಳ ವಿಶಾಲವಾದ ರೆಕ್ಕೆಯನ್ನು ಚಾಚಿ ದೀರ್ಘಕಾಲ ಗಗನದಲ್ಲಿ ಸಂಚರಿಸಬಲ್ಲ, ನೀರನ್ನು ಬಿಟ್ಟು ಮೇಲೇರಿದ ಬಳಿಕ ಪಕ್ಕದ ತೇಲುಗಳನ್ನು ಮಡಿಸಿ ರೆಕ್ಕೆಯ ತುದಿಗಳನ್ನಾಗಿ ಮಾಡಿಕೊಳ್ಳುವ ಇದರ ರಚನೆ ಎಷ್ಟು ಮನೋಹರವಾದುದು! 1941ರ ಮೇ 26ರಂದು, ಅಟ್ಲಾಂಟಿಕದಲ್ಲಿ ಬೆನ್ನಟ್ಟಿದವರ ಕಣ್ತಪ್ಪಿಸಿಕೊಂಡಿದ್ದ ಜರ್ಮನರ ಬಿಸ್ಮಾರ್ಕ್ ಯುದ್ಧನೌಕೆಯನ್ನು ಮತ್ತೆ ಪತ್ತೆಹಚ್ಚಿದುದು ಕ್ಯಾಟಲೀನಾವೇ. 1942ರ ಏಪ್ರಿಲ್ 4ರಂದು ಸಿಂಹಳದ ಕೊಗ್ಗಲದಿಂದ ಹೊರಟ ಕೆನಡಾದ ವೈಮಾನಿಕ ಬರ್ಚಾಲರು, ಜಪಾನೀಯರ ನೌಕಾಸಮೂಹವನ್ನು ಕಂಡು, ತಮ್ಮ ವಿಮಾನವು ಶತ್ರುಗಳ ಗುಂಡಿಗೆ ತುತ್ತಾಗಿ ಕಡಲಿಗಿಳಿಯುವ ಮುನ್ನವೇ ದ್ವೀಪಕ್ಕೆ ಎಚ್ಚರಿಕೆಯ ಸಂದೇಶವನ್ನು ಮುಟ್ಟಿಸಿದರು. ಯುದ್ಧಕಾಲದಲ್ಲಿ ಈ ವಿಮಾನಗಳ ದುರಸ್ತಿಯು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿಯೂ ನಡೆಯುತ್ತಿತ್ತು. ಅವು ಬಂದಿಳಿಯುತ್ತಿದ್ದುದು ನಮ್ಮ ಬೆಳ್ಳಂದೂರಿನ ಕೆರೆಯಲ್ಲಿ.