ಇಥಿಯೋಪಿಯದ ಜಾಝ್ ಸಂಗೀತ: 'ಶೋಧ'ವೆಂಬ ಮಾತಿನ ಪರಿಶೀಲನೆ

೧೯೯೭ರಲ್ಲಿ ಪ್ಯಾರಿಸಿನ ಬುಡಾ ಮ್ಯೂಸಿಕ್ ಸಂಸ್ಥೆಯು ಫ್ರಾನ್ಸಿಸ್ ಫಾಲ್ಸೆಟೊ ಅವರ ಸಂಪಾದಕತ್ವದಲ್ಲಿ 'ಎತ್ಯೋಪೀಕ್' ಎಂಬ ಧ್ವನಿಮುದ್ರಿಕಾ ಮಾಲೆಯನ್ನು ಹೊರಡಿಸತೊಡಗಿತು. ೨೦೦೫ರಲ್ಲಿ ಅಮೆರಿಕದ ನಿರ್ದೇಶಕ ಜಿಮ್ ಜಾರ್ಮುಶ್ ಅವರು 'ಬ್ರೋಕನ್ ಫ್ಲವರ್ಸ್' ಚಿತ್ರದಲ್ಲಿ ಮುಲಾಟು ಅಸ್ತಾತ್ಕೆಯವರ ಸಂಗೀತವನ್ನು ಬಳಸಿಕೊಂಡರು. ಪಾಶ್ಚಾತ್ಯ ರಸಿಕರು ಆಫ್ರಿಕದ ಹಳೆಯ ಜಾಝ್ ಸಂಗೀತವನ್ನು 'ಶೋಧಿಸಿದರು' ಎಂಬ ಮಾತು ಅಂದಿನಿಂದ ರೂಢಿಗೆ ಬಂದಿದೆ. ಇತಿಹಾಸದ ಅಭ್ಯಾಸಿಗಳಾದ ನಾವು ಈ ಮಾತನ್ನು ಹಾಗೆಯೇ ಅಂಗೀಕರಿಸಬಹುದೆ ಎಂಬುದೇ ಇಲ್ಲಿಯ ವಿಚಾರ.

ಈ ಸಂಗೀತದ ಮೂಲವನ್ನು ಅರಸುತ್ತ ಹೋದರೆ ನಾವು ಮೊದಲು ತಲಪುವುದು ಅರಮನೆಯನ್ನು. ಮುಂದೆ ಚಕ್ರವರ್ತಿ ಹೈಲೆ ಸೆಲಾಸಿ ಎನಿಸಿದ ರಾಸ್ ತಫಾರಿಯವರು ೧೯೨೪ರಲ್ಲಿ ಜೆರೂಸಲೇಮಿನಿಂದ ೪೦ ಮಂದಿ ಆರ್ಮೀನಿಯದ ಅನಾಥ ಬಾಲಕರನ್ನು ಕರೆಸಿಕೊಂಡು ವಾದ್ಯವೃಂದವೊಂದನ್ನು ಕಟ್ಟಿಸಿದರು. ಕೆವೋರ್ಕ್ ನಲ್ಬಂಡಿಯನ್ ಅದರ ಗುರುಗಳು. ಕಾಲಕ್ರಮದಲ್ಲಿ ಅಂಗರಕ್ಷಕ ದಳ, ಸೈನ್ಯ, ಪೊಲೀಸು ಇಲಾಖೆಗಳಲ್ಲಿಯೂ ವೃಂದಗಳು ಹುಟ್ಟಿದವು. ವಾದ್ಯಗಳು ಪಶ್ಚಿಮದವಾದರೂ ಸ್ವರಕ್ರಮ ದೇಶೀಯವಾಗಿಯೇ ಉಳಿಯಿತು. ಅಲ್ಲಿಯ 'ತಿಜಿತಾ' ಕ್ರಮದ ಒಂದು ಭೇದವು ನಮ್ಮ ಮೋಹನರಾಗದ ಐದು ಸ್ವರಗಳನ್ನೇ ಉಳ್ಳದ್ದು. ಗೆಟಾಚೆವ್ ಮೆಕುರ್ಯಾ ಅವರು 'ಶೆಲ್ಲೆಲಾ' ಎಂಬ ಯುದ್ಧೋತ್ಸಾಹದ ಘೋಷಗಾನವನ್ನು ಸ್ಯಾಕ್ಸೊಫೋನಿಗೆ ಅಳವಡಿಸಿದರು. ಲಂಡನ್, ಬೋಸ್ಟನ್ ನಗರಗಳಲ್ಲಿ ವ್ಯಾಸಂಗಮಾಡಿದ ಮುಲಾಟು ಅವರು ಪಂಚಸ್ವರಕ್ಕೆ ಜಾಝಿನ ಸ್ವರಮೇಳವನ್ನು ಜೋಡಿಸಿ ಅದನ್ನು 'ಇಥಿಯೋ-ಜಾಝ್' ಎಂದು ಕರೆದರು.

ಗ್ರಾಮಫೋನ್ ತಟ್ಟೆಗಳ ವ್ಯಾಪಾರವಾದರೊ 'ಹಾಗೆರ್ ಫಿಕಿರ್' ಎಂಬ ಸಂಘದ ಏಕಸ್ವಾಮ್ಯದಲ್ಲಿತ್ತು. ಅದಕ್ಕೆ ರಾಜಾಜ್ಞೆಯ ಬೆಂಬಲವಿದ್ದಿತು. ೧೯೬೯ರಲ್ಲಿ ಅಮ್ಹಾ ಎಶೆಟೆ ಎಂಬ ತರುಣ ವರ್ತಕರು ದಂಡನೆಗೆ ಅಂಜದೆ ಈ ಏಕಸ್ವಾಮ್ಯವನ್ನು ಮುರಿದು, ಅಲೆಮಾಯೆಹು ಎಶೆಟೆ ಮೊದಲಾದವರ ಹಾಡುಗಳನ್ನು ಪ್ರಕಟಿಸಿದರು. ೧೯೭೫ರವರೆಗಿನ ಅಲ್ಪಾವಧಿಯಲ್ಲಿ ಅವರು ಹೊರತಂದ ಚಿಕ್ಕ ತಟ್ಟೆಗಳ ಸಂಖ್ಯೆ ೧೦೦ನ್ನು ಮೀರುತ್ತದೆ. ಇವುಗಳನ್ನು ಕೊಂಡು ಕೇಳಿದವರು ಅಡಿಸ್ ಅಬಾಬದ ನಾಗರಿಕರು. ಹೀಗಿರುವಲ್ಲಿ ಮೊದಲ ಶ್ರೋತೃಗಳು ಯಾರೆಂಬ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ.

೧೯೭೪ರ ಕ್ರಾಂತಿಯಿಂದ ಚಕ್ರವರ್ತಿಯ ಆಳಿಕೆ ಕೊನೆಗೊಂಡು, 'ಡೆರ್ಗ್' ಎಂಬ ಸೈನಿಕ ಮಂಡಲಿಯು ಅಧಿಕಾರಕ್ಕೆ ಬಂದಿತು. ರಾತ್ರಿಯ ನಿಷೇಧಾಜ್ಞೆಯಿಂದ ಸಂಗೀತಶಾಲೆಗಳು ಬರಿದಾದವು. ಅಮ್ಹಾ ಅವರು ದೇಶ ಬಿಟ್ಟರು. ಹೋಟೆಲುಗಳಲ್ಲಿ ಮಾತ್ರ, ಒಳಗೆ ಸೇರಿದವರು ಬೆಳಗಾಗುವವರೆಗೂ ಹೊರಬರಲಾರದಂತೆ, ವಾದನ ನಡೆಯುತ್ತಿತ್ತು. ತಟ್ಟೆಯ ಸ್ಥಾನಕ್ಕೆ ಅಗ್ಗದ ಕ್ಯಾಸೆಟ್ಟು ಬಂದಿತು. ವಾಲಿಯಾಸ್ ವೃಂದದ ಹೈಲು ಮೆರ್ಗಿಯಾ ಅವರು ೧೯೮೧ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯೇ ನಿಂತರು. ಅಕಾರ್ಡಿಯನ್, ವಿದ್ಯುತ್ ಕೀಲಿವಾದ್ಯ, ತಾಳಯಂತ್ರಗಳನ್ನು ತಾವೊಬ್ಬರೇ ನುಡಿಸಿ, ೧೯೮೫ರಲ್ಲಿ ಒಂದು ಕ್ಯಾಸೆಟ್ಟನ್ನು ಹೊರತಂದರು. ಅನಂತರ ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ನಡೆಸಿ ಜೀವಿಸಿದರು. ೨೦೧೩ರಲ್ಲಿ ಅದೇ ಕ್ಯಾಸೆಟ್ಟು ಪುನರ್ಮುದ್ರಿತವಾದಾಗ ಅವರ ಹೆಸರು ಲೋಕಕ್ಕೆ ಹರಡಿತು.

ಈ ಕ್ಯಾಸೆಟ್ಟು ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಡುತ್ತದೆ. ಆಫ್ರಿಕದ ವಿದ್ಯುನ್ಮಾನ ಸಂಗೀತವು ಯೂರೋಪಿನ ನೃತ್ಯಶಾಲೆಗಳಿಂದ ಬಂದ ಎರವಲೆಂಬ ಅಭಿಪ್ರಾಯ ಪೂರ್ಣವಾಗಿ ನಿಲ್ಲತಕ್ಕದ್ದಲ್ಲ. ವೃಂದವು ಚದುರಿದಾಗ ಒಂಟಿ ಕಲಾವಿದನ ಕೈಯಲ್ಲಿ ಯಂತ್ರವೇ ವೃಂದವಾಯಿತು. ಈಚಿನ ತಲೆಮಾರಿನ ಎಂಡೆಗೆನಾ ಮುಲು ಅವರು ದೇಶೀಯ ವಾದ್ಯಗಳ ನಾದವನ್ನು ಗಣಕಯಂತ್ರದ ಲಯದೊಡನೆ ಬೆರೆಸಿ, ತಮ್ಮ ಸಂಗೀತಕ್ಕೆ 'ಇಥಿಯೋಪಿಯಾವಿ ಎಲೆಕ್ಟ್ರಾನಿಕ್' ಎಂದು ಹೆಸರಿಟ್ಟಿದ್ದಾರೆ. ಹೆಸರನ್ನು ತಾವೇ ಇಟ್ಟುಕೊಂಡರೆಂಬುದು ಗಮನಾರ್ಹ.

ಫಾಲ್ಸೆಟೊ ಅವರ ಪರಿಶ್ರಮವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆ ಮಾಲೆಯಿಲ್ಲದಿದ್ದರೆ ನಮಗೂ ಈ ಆಕರಗಳು ದೊರೆಯುತ್ತಿರಲಿಲ್ಲ. ಆದರೆ ಅದು ಪುನಃಪ್ರಕಟನೆಯೇ ಹೊರತು ಶೋಧವಲ್ಲ. 'ಶೋಧ'ವೆಂದೊಡನೆ ಅದಕ್ಕೆ ಹಿಂದಿನ ಮೌನವು ಸಹಜವಾದದ್ದೆಂಬ ಭ್ರಮೆ ಹುಟ್ಟುತ್ತದೆ. ಆ ಮೌನಕ್ಕೆ ರಾಜಾಜ್ಞೆ, ನಿಷೇಧಾಜ್ಞೆ, ದೇಶತ್ಯಾಗಗಳೆಂಬ ಕಾರಣಗಳಿದ್ದವು. ಆ ಕಾರಣಗಳನ್ನು ಮರೆತು ಕೇಳಿದ ಸಂಗೀತವು ಕಿವಿಗೆ ಇಂಪಾಗಬಹುದು, ಇತಿಹಾಸಕ್ಕೆ ಸಾಕ್ಷ್ಯವಾಗಲಾರದು.