ರೈಸ್ ಅಂದರೆ ಅಕ್ಕಿಯಲ್ಲ

ಗದಗಿನ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ‘ನಮ್ಮ ಕಡೆ ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡ್ಡಹೆಸರಿನ ಮನೆತನ ಅದಾವರಿ. ಶಾಸನ ಹುಡುಕಿದ ಬಿ.ಎಲ್. ರೈಸ್ ಸಾಹೇಬರ ಹಿರೀಕರೂ ವಿಲಾಯತಿಯೊಳಗ ಅಕ್ಕಿ ಅಂಗಡಿ ಇಟ್ಟಿದ್ದರೇನು?’

ಇಲ್ಲ ಸ್ವಾಮಿ, ಇಟ್ಟಿರಲಿಲ್ಲ. ಆದರೆ ತಪ್ಪು ಅವರದಲ್ಲ, ಕಾಲದ್ದು. ಗದ್ದೆಯಲ್ಲಿದ್ದರೆ ಭತ್ತ, ಡಬ್ಬಿಯಲ್ಲಿದ್ದರೆ ಅಕ್ಕಿ, ಎಲೆಯ ಮೇಲೆ ಬಿದ್ದರೆ ಅನ್ನ ಎಂದು ಮೂರು ಮಾತು ಇಟ್ಟುಕೊಂಡಿದ್ದ ಜನ ನಾವು. ಈಗ ಮದುವೆ ಮನೆಯಲ್ಲಿ ಬಡಿಸುವ ಹುಡುಗ ‘ರೈಸ್ ಹಾಕ್ಲಾ ಸರ್?’ ಅನ್ನುತ್ತಾನೆ. ‘ಅನ್ನ ಹಾಕಪ್ಪ’ ಎಂದರೆ ಪಕ್ಕದವರು ಹಳ್ಳಿಯಿಂದ ಬಂದವರನ್ನು ನೋಡುವಂತೆ ನೋಡುತ್ತಾರೆ. ಇಷ್ಟು ರೈಸ್ ತಿಂದ ಮೇಲೆ ಶಾಸನ ಪಿತಾಮಹನೂ ಅಕ್ಕಿ ಮೂಟೆಯಂತೆ ಕಂಡರೆ ಆಶ್ಚರ್ಯವೇನು?

ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಮಗ ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸುಮಾರು 9,000 ಶಾಸನಗಳನ್ನು ಕೂಡಿಸಿಟ್ಟರು. ಅವರ ಕುಲನಾಮಕ್ಕೂ ಧಾನ್ಯಕ್ಕೂ ಸಂಬಂಧವಿಲ್ಲ. ಅದರ ತವರು ವೇಲ್ಸ್. ಅಲ್ಲಿ ‘ರೀಸ್’ ಎಂಬುದು ಬಹಳ ಹಳೆಯ ಗಂಡಸಿನ ಹೆಸರು, ಅರ್ಥ ಹುಮ್ಮಸ್ಸು. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಕೂಡಿಸಿ ಸ್ಪರ್ಧೆ ಏರ್ಪಡಿಸಿ ಗೆದ್ದವರಿಗೆ ಕುರ್ಚಿ ಕೊಟ್ಟ ರಾಜನ ಹೆಸರೂ ಅದೇ. ಇಂಗ್ಲಿಷರ ಬಾಯಲ್ಲಿ ಈಕಾರ ಐಕಾರವಾಗಿ ರೀಸ್ ಹೋಗಿ ರೈಸ್ ಆಯಿತು.

ವೇಲ್ಸಿನವರಿಗೆ ಮೊದಲು ಕುಲನಾಮವೇ ಇರಲಿಲ್ಲ. ಇಂಥವನ ಮಗ ಇಂಥವನು, ಅಷ್ಟೇ. ಮಗ ಅನ್ನುವುದಕ್ಕೆ ಅವರ ಮಾತು ‘ಮಾಬ್’, ಅದೇ ಸವೆದು ‘ಆಪ್’. (ಮಾಬ್, ಮಗ ಎರಡೂ ಒಂದೇ ಬೇರಿನವು ಎಂದು ದಯವಿಟ್ಟು ಯಾರೂ ಕಾಗದ ಬರೆಯಬೇಡಿ.) ಥಾಮಸನ ಮಗ ರೀಸ್ ಎಂದರೆ ರೀಸ್ ಆಪ್ ಥಾಮಸ್. ಮುಂದೆ ಈ ಆಪ್ ಮುರಿದು ಅದರ ಪಕಾರ ಮುಂದಿನ ಹೆಸರಿಗೆ ಅಂಟಿಕೊಂಡಿತು. ಆಪ್ ಹವೆಲ್ ಹೋಗಿ ಪೊವೆಲ್, ಆಪ್ ರಿಚರ್ಡ್ ಹೋಗಿ ಪ್ರಿಚರ್ಡ್, ಆಪ್ ರೀಸ್ ಹೋಗಿ ಪ್ರೈಸ್. ಹಾಗಾಗಿ ರೈಸ್ ಮತ್ತು ಪ್ರೈಸ್ ದಾಯಾದಿಗಳು. ಒಬ್ಬನ ಹತ್ತಿರ ‘ಮಗ’ ಒಂದಕ್ಷರವಾಗಿ ಉಳಿದಿದ್ದಾನೆ, ಇನ್ನೊಬ್ಬನ ಹತ್ತಿರ ಅದೂ ಇಲ್ಲ. ಕಲ್ಲಿನ ಮೇಲೆ ‘ಇಂಥವರ ಮಗ’ ಎಂಬುದನ್ನು ಸಾವಿರಾರು ಸಲ ಓದಿದ ಮನುಷ್ಯನ ಹೆಸರಿನಲ್ಲೇ ಮಗ ಅಳಿಸಿಹೋಗಿದ್ದ!

ಅಳಿಸಿದವರು ಯಾರು? ಇಂಗ್ಲಿಷ್ ಕಚೇರಿಯ ಗುಮಾಸ್ತರು ಅನ್ನುತ್ತಾರೆ. ನ್ಯಾಯಾಲಯದಲ್ಲಿ ಕೂತ ಬಿಷಪ್ ರೋಲೆಂಡ್ ಲೀ ಎಂಬವನು ಆಪ್ ಆಪ್ ಎಂದು ಕೂಗಿಸಿ ಕೂಗಿಸಿ ಬೇಸತ್ತು, ‘ಕೊನೆಯದೊಂದು ಹೆಸರು ಇಟ್ಟುಕೊಳ್ಳಿ, ಸಾಕು’ ಎಂದನಂತೆ. ಕಥೆ ಸೊಗಸಾಗಿದೆ. ನನಗೆ ಮಾತ್ರ ಅದು ಸಾಲದು. ನನ್ನ ಸಿದ್ಧಾಂತ ಬೇರೆ, ಅದಕ್ಕೆ ಆಧಾರ ನಮ್ಮದೇ ಗಾದೆ: ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಈ ಗಾದೆಗೆ ಟಿ.ವಿ.ಯವರು ಮಾಡಿದ ಅನ್ಯಾಯ ಅಷ್ಟಿಷ್ಟಲ್ಲ. ಪಕ್ಷ ಬಿಡಲೋ ಬೇಡವೋ ಎಂದು ಒದ್ದಾಡುವ ಶಾಸಕನಿಗೂ ಇದೇ ಗಾದೆ, ಎರಡು ದೋಣಿಯ ಮೇಲೆ ಕಾಲಿಟ್ಟವನಿಗೂ ಇದೇ ಗಾದೆ. ದೋಣಿಯವನು ಕಾಲು ಜಾರಿ ನೀರಿಗೆ ಬೀಳುತ್ತಾನೆ. ಅಕ್ಕಿಯವಳು ಬೀಳುವುದಿಲ್ಲ. ನಮ್ಮಜ್ಜಿ ಈ ಮಾತು ಹೇಳುತ್ತಿದ್ದದ್ದು ಬಾಗಿಲಲ್ಲಿ ನೆಂಟರ ಗಾಡಿ ನಿಂತಾಗ. ಮುಖದಲ್ಲಿ ನಗು, ಕೈಯಲ್ಲಿ ಸೇರು, ಕಣ್ಣು ಮಡಕೆಯ ತಳದ ಮೇಲೆ. ‘ಅಯ್ಯೋ, ಇನ್ನೆರಡು ದಿನ ಇದ್ದು ಹೋಗಿ’ ಎನ್ನುತ್ತಲೇ ಸೇರಿನ ಮೇಲಿನ ದಿಬ್ಬವನ್ನು ಅಂಗೈಯಿಂದ ಸವರಿ ಮಡಕೆಗೇ ಬಿಡುತ್ತಿದ್ದಳು. ಪ್ರೀತಿ ಸುಳ್ಳಲ್ಲ, ಆಸೆಯೂ ಸುಳ್ಳಲ್ಲ. ಇರುವ ಅಕ್ಕಿಯಲ್ಲಿ ಎಷ್ಟು ಜನರನ್ನು ನೆಂಟರೆಂದು ಒಪ್ಪಿಕೊಳ್ಳಬಹುದು ಎಂಬ ಲೆಕ್ಕವೇ ಆ ಗಾದೆ.

ವೇಲ್ಸಿನಲ್ಲಿ ನಡೆದದ್ದೂ ಇದೇ ಲೆಕ್ಕ. ಅಲ್ಲಿನ ಹಳೆಯ ಕಾನೂನಿನಲ್ಲಿ ಅಪ್ಪನ ಜಮೀನು ಗಂಡುಮಕ್ಕಳೆಲ್ಲರಿಗೂ ಸಮಪಾಲು. ಅಷ್ಟಕ್ಕೇ ಮುಗಿಯದೆ, ಒಬ್ಬ ಮುತ್ತಜ್ಜನ ಮರಿಮಕ್ಕಳವರೆಗೂ ಮತ್ತೆ ಪಾಲು ಕೇಳುವ ಹಕ್ಕಿತ್ತು. ಅಂದಮೇಲೆ ಮುತ್ತಜ್ಜನ ಹೆಸರು ಗೊತ್ತಿಲ್ಲದವನಿಗೆ ಹೊಲವಿಲ್ಲ! ಸಾಲು ಸಾಲು ಆಪ್‌ಗಳು ಬರಿಯ ಒಣಜಂಬವಲ್ಲ, ಬಾಯಲ್ಲೇ ಇಟ್ಟುಕೊಂಡ ಪಹಣಿ. ಎಂಟನೇ ಹೆನ್ರಿ 1536 ಮತ್ತು 1543ರ ಕಾಯ್ದೆಗಳಿಂದ ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿದ. ಪಾಲು ಹಂಚುವ ಪದ್ಧತಿ ರದ್ದಾಗಿ ಜಮೀನು ಹಿರಿಮಗನಿಗೆ ಎಂದಾಯಿತು. ಪಾಲಿಲ್ಲದ ಮೇಲೆ ಮುತ್ತಜ್ಜನನ್ನು ನಾಲಗೆಯ ಮೇಲೆ ಹೊತ್ತು ತಿರುಗುವವರು ಯಾರು? ಗುಮಾಸ್ತ ಬರೀ ಕತ್ತರಿ ಹಿಡಿದವನು, ದಾರ ಆಗಲೇ ಸಡಿಲಾಗಿತ್ತು.

ಅನುಮಾನವಿದ್ದರೆ ಡಿನೆವರ್ ಮನೆತನವನ್ನೇ ನೋಡಿ. ಸರ್ ರೀಸ್ ಆಪ್ ಥಾಮಸ್ 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಹೆನ್ರಿ ಟ್ಯೂಡರ್ ಪರ ನಿಂತು ಆಸ್ತಿ ಬೆಳೆಸಿದ. ಮೊಮ್ಮಗ ರೀಸ್ ಆಪ್ ಗ್ರಿಫಿತ್‌ನ ತಲೆ 1531ರಲ್ಲಿ ರಾಜದ್ರೋಹದ ಆರೋಪದ ಮೇಲೆ ಉರುಳಿತು, ಆಸ್ತಿಯೆಲ್ಲ ದೊರೆಯ ಪಾಲು. ಅವನ ಮಗ ಗ್ರಿಫಿತ್ ರೈಸ್ ಎಂದು ಇಂಗ್ಲಿಷ್ ಠೀವಿಯ ಹೆಸರಿನವನಾದ, ಆಸ್ತಿಯ ಒಂದು ಭಾಗ ವಾಪಸ್ಸು ಬಂತು. ಶತಮಾನಗಳು ಕಳೆದು ಜಹಗೀರು ಭದ್ರವಾಗಿ ಕೂತ ಮೇಲೆ, 1916ರಲ್ಲಿ ಏಳನೇ ಲಾರ್ಡ್ ಡಿನೆವರ್ ರೈಸ್ ತೊರೆದು ಮತ್ತೆ ‘ರೀಸ್’ ಎಂದು ಬರೆದುಕೊಂಡ. ಮೊದಲು ಅಕ್ಕಿ, ಆಮೇಲೆ ನೆಂಟರು.

ನಗುವ ಮೊದಲು ನಮ್ಮ ಪಾಸ್‌ಪೋರ್ಟ್ ಅರ್ಜಿ ನೋಡಿಕೊಳ್ಳೋಣ. ಹಳೆ ಮೈಸೂರಿನ ನಮಗೆ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಅಕ್ಷರ. ಅರ್ಜಿ ‘ಸರ್‌ನೇಮ್’ ಕೇಳುತ್ತದೆ, ನಾವು ಗಾಬರಿಯಲ್ಲಿ ಅಪ್ಪನನ್ನು ಆ ಕಲಮಿಗೆ ತಳ್ಳುತ್ತೇವೆ. ಅಮೆರಿಕದಲ್ಲಿ ಮಗ ‘ಮಿಸ್ಟರ್ ರಂಗಪ್ಪ’ ಆಗುತ್ತಾನೆ, ಅಲ್ಲಿ ಹುಟ್ಟಿದ ಮೊಮ್ಮಗಳೂ ರಂಗಪ್ಪ. ಇಲ್ಲೇ ಉಳಿದವರಲ್ಲಿ ಎಷ್ಟೋ ಹುಡುಗರನ್ನು ‘ಕೆ ಅಂದರೇನಪ್ಪ?’ ಎಂದು ಕೇಳಿದರೆ ‘ಇನಿಷಿಯಲ್ ಅಂಕಲ್’ ಅನ್ನುತ್ತಾರೆ. ಆಪ್ ಹೋಗಿ ಪ್ ಉಳಿದದ್ದು ಹೀಗೆಯೇ.

ಮನೆಯಲ್ಲಿ ಮಗುವಿನ ಶಾಲೆಯ ಅರ್ಜಿ ತುಂಬುವವರು ಇದ್ದರೆ ಒಂದು ವಿನಂತಿ: ಇನಿಷಿಯಲ್ ಬಿಡಿಸಿ ಬರೆಯಿರಿ. ಊರಿನ ಹೆಸರು ಪೂರ್ತಿ, ಅಪ್ಪನ ಹೆಸರು ಪೂರ್ತಿ, ಅರ್ಜಿಯಲ್ಲಿ ಜಾಗವಿದ್ದರೆ ಅಮ್ಮನದೂ. ಗುಮಾಸ್ತ ಗೊಣಗಿದರೆ ಗೊಣಗಲಿ.