ಹೂಮಳೆ ನಿಂತ ಮೇಲೆ

ಹೈದರಾಬಾದಿನ ಆಸ್ಪತ್ರೆಗಳ ಇತಿಹಾಸದಲ್ಲಿ 2020 ಮರೆಯಲಾಗದ ವರ್ಷ. ಮಾರ್ಚ್ 2ರಂದು ತೆಲಂಗಾಣದ ಮೊದಲ ಕೊರೊನಾ ಪ್ರಕರಣ ಪ್ರಕಟವಾಯಿತು. ಸಿಕಂದರಾಬಾದಿನ ಗಾಂಧಿ ಆಸ್ಪತ್ರೆ ರಾಜ್ಯದ ಮುಖ್ಯ ಕೊರೊನಾ ಆಸ್ಪತ್ರೆಯಾಯಿತು. ನನ್ನಂಥ ಐಟಿಯವರು ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದಾಗ, ದಾದಿಯರು, ವೈದ್ಯರು ಪಿಪಿಇ ಕಿಟ್ ತೊಟ್ಟು, ಅದನ್ನು ಕಳಚುವವರೆಗೂ ನೀರು ಕುಡಿಯದೆ ದುಡಿಯುತ್ತಿದ್ದರು.

ಮೇ 3ರಂದು ಹೆಲಿಕಾಪ್ಟರ್ ಆ ಆಸ್ಪತ್ರೆಯ ಮೇಲೆ ಹೂಮಳೆ ಸುರಿಸಿತು. ನಾವೆಲ್ಲ ಟಿವಿಯಲ್ಲಿ ನೋಡಿ ಸಂತೋಷಪಟ್ಟೆವು. ಜೂನ್ 9ರಂದು ರೋಗಿಯೊಬ್ಬರು ತೀರಿಕೊಂಡಾಗ, ಅವರ ಕಡೆಯವರು ಅಲ್ಲಿನ ಕಿರಿಯ ವೈದ್ಯರೊಬ್ಬರ ಮೇಲೆ ಕೈಮಾಡಿದರು. ಹಲ್ಲೆ ಮಾಡಿದವರಿಗೆ 7 ವರ್ಷದವರೆಗೆ ಜೈಲು ವಿಧಿಸಬಹುದಾದ ಸುಗ್ರೀವಾಜ್ಞೆ ಏಪ್ರಿಲ್‌ನಲ್ಲೇ ಬಂದಿತ್ತು. ಆದರೂ ವೈದ್ಯರು ರಸ್ತೆಗಿಳಿಯಬೇಕಾಯಿತು. ಅವರು ಕೇಳಿದ್ದು ರಕ್ಷಣೆ, ಹೆಚ್ಚು ಸಿಬ್ಬಂದಿ, ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೂ ಹಂಚುವ ವ್ಯವಸ್ಥೆ.

ಸಾವು, ಬೈಗುಳ, ಮನೆಯ ಮಕ್ಕಳಿಗೆ ಸೋಂಕು ತಗಲೀತೆಂಬ ಭಯ. ಇಷ್ಟನ್ನೂ ಹೊತ್ತು ಮಲಗಿದರೆ ನಿದ್ದೆ ಹತ್ತುವುದು ಹೇಗೆ? ರಾತ್ರಿ ಪಾಳಿ ಮುಗಿಸಿದವರಿಗೆ ಬೆಳಗಿನ ಬಿಸಿಲೇ ಶತ್ರು. ಬೆಳಕು ಬಿದ್ದೊಡನೆ ದೇಹ ಏಳುವ ಹೊತ್ತಾಯಿತೆಂದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ದಾದಿಯರ ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಬಿಡುವಿರಲಿ ಎಂದು ಶಿಫಾರಸು ಮಾಡಿತ್ತು. ಮನೆಗೆಲಸವೂ ಕಾದಿರುವ ಹೆಣ್ಣುಮಕ್ಕಳಿಗೆ ಆ ಬಿಡುವಿನಲ್ಲಿ ನಿದ್ದೆಗೆ ಉಳಿಯುವುದೆಷ್ಟು?

ಗೆಳತಿಯರೇ, ಕೊರೊನಾ ಹೋಯಿತು, ರಾತ್ರಿ ಪಾಳಿ ಹೋಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಥವಳೊಬ್ಬಳಿದ್ದರೆ ಹಗಲು ಅವಳ ಕರೆಗಂಟೆ ಒತ್ತದಿರೋಣ. ಅವಳ ಮಗುವಿಗೆ ಅಂದು ನಮ್ಮಲ್ಲೇ ಊಟವಾಗಲಿ.